ಮಾರುವವನ ಮಾತು, ಬಲ್ಲವನ ಮಾತು

ಜನತೆಯ ಆರೋಗ್ಯವನ್ನು ಕಾಪಾಡುವುದು ಸರ್ಕಾರದ ಕರ್ತವ್ಯವೆಂಬುದರಲ್ಲಿ ಎರಡು ಮಾತಿಲ್ಲ. ಆದರೆ ಆ ಕರ್ತವ್ಯವನ್ನು ನೆರವೇರಿಸುವ ಭರದಲ್ಲಿ, ಆರೋಗ್ಯವನ್ನು ಕುರಿತು ಜನರು ಆಡುವ ಮಾತಿಗೂ ಕಡಿವಾಣ ಬೀಳಬಹುದೇ ಎಂಬುದು ವಿಚಾರಾರ್ಹವಾದ ಪ್ರಶ್ನೆ. ತರುಣರು ‘ವೇಪ್’ ಎಂದು ಕರೆಯುವ ಇ-ಸಿಗರೇಟಿನ ನಿಷೇಧವು ಈ ಪ್ರಶ್ನೆಯನ್ನು ನಮ್ಮ ಮುಂದಿರಿಸಿದೆ.

ನಿಕೋಟಿನ್ ಬೆರೆತ ದ್ರವವನ್ನು ಬ್ಯಾಟರಿಯಿಂದ ಕಾಯಿಸಿ, ಹಬೆಯಂತೆ ಮಾಡಿ ಸೇದಿಸುವ ಉಪಕರಣವಿದು. ಇಲ್ಲಿ ಹೊಗೆಸೊಪ್ಪು ಉರಿಯದು; ಆದರೆ ನಿಕೋಟಿನ್ನಿನ ಚಟ ಮಾತ್ರ ತಪ್ಪದು. ಕರ್ನಾಟಕವು 2016ರಲ್ಲಿಯೇ ಇದನ್ನು ನಿಷೇಧಿಸಿತು. 2019ರ ಸೆಪ್ಟೆಂಬರಿನ ಸುಗ್ರೀವಾಜ್ಞೆ ಹಾಗೂ ಅದೇ ಡಿಸೆಂಬರಿನ ಕಾಯಿದೆಯಿಂದ ಇಡೀ ದೇಶದಲ್ಲಿ ಇದರ ತಯಾರಿಕೆ, ಆಮದು, ಮಾರಾಟಗಳೊಡನೆ ಜಾಹೀರಾತೂ ಅಪರಾಧವಾಯಿತು. ಮೊದಲ ಬಾರಿಗೆ 1 ವರ್ಷದವರೆಗೆ ಸೆರೆವಾಸ, ಇಲ್ಲವೆ 1 ಲಕ್ಷ ರೂಪಾಯಿಯವರೆಗೆ ದಂಡ, ಅಥವಾ ಎರಡೂ.

ನಿಷೇಧಿತ ವಸ್ತುವಿನ ಜಾಹೀರಾತು ನಿಷಿದ್ಧವಾಗಿರುವುದು ಯುಕ್ತವೇ. ತೊಡಕಿರುವುದು ಕಾಯಿದೆಯು ಜಾಹೀರಾತಿಗೆ ಕೊಟ್ಟಿರುವ ಅರ್ಥದಲ್ಲಿ. ಬೆಳಕು, ಧ್ವನಿ, ಮುದ್ರಣ, ಅಂತರ್ಜಾಲ, ಸಾಮಾಜಿಕ ಮಾಧ್ಯಮ ಮೊದಲಾದವುಗಳ ಮೂಲಕ ಮಾಡುವ ಪ್ರಚಾರ, ನಿರೂಪಣೆಗಳೆಲ್ಲವೂ ಅದರೊಳಗೆ ಬರುತ್ತವೆ. ಬಳಕೆಯನ್ನು ‘ಪರೋಕ್ಷವಾಗಿ’ ಉತ್ತೇಜಿಸುವ ಜಾಹೀರಾತಿನಲ್ಲಿ ಪಾಲ್ಗೊಳ್ಳುವುದೂ ಕೂಡದು. ಸಿಗರೇಟು ಬಿಡಲಾರದವರಿಗೆ ಇ-ಸಿಗರೇಟು ಕಡಿಮೆ ಹಾನಿಯ ಬದಲಿ ಎಂದು ಲಂಡನ್ನಿನ ರಾಯಲ್ ಕಾಲೇಜ್ ಆಫ್ ಫಿಸಿಷಿಯನ್ಸ್ 2016ರಲ್ಲಿ ಅಭಿಪ್ರಾಯಪಟ್ಟಿತು. ನಮ್ಮ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯು 2019ರಲ್ಲಿ ಸಂಪೂರ್ಣ ನಿಷೇಧವೇ ಸರಿಯೆಂದಿತು. ಮೊದಲಿನ ಅಭಿಪ್ರಾಯವನ್ನು ವೈದ್ಯರೊಬ್ಬರು ಇಂತಹ ಸ್ಮರಣ ಸಂಚಿಕೆಯಲ್ಲಿ ಸಮರ್ಥಿಸಿ ಬರೆದರೆ ಅದು ವೈದ್ಯಶಾಸ್ತ್ರವೋ, ಪರೋಕ್ಷ ಪ್ರಚಾರವೋ? ಉತ್ತರ ಅಧಿಕಾರಿಯ ವಿವೇಚನೆಗೆ ಬಿಟ್ಟಂತಿದ್ದರೆ, ಜಾಣರು ಬರೆಯದೆಯೇ ಇರುತ್ತಾರೆ.

ನಮ್ಮ ಸಂವಿಧಾನ ಈ ವಿಷಯದಲ್ಲಿ ಸ್ಪಷ್ಟವಾದ ವಿಂಗಡಣೆಯನ್ನು ಮಾಡಿದೆ. ವ್ಯಾಪಾರವನ್ನು ಸಾರ್ವಜನಿಕ ಹಿತಕ್ಕಾಗಿ ನಿರ್ಬಂಧಿಸಲು 19(6)ನೆಯ ವಿಧಿ ಅವಕಾಶ ಕೊಡುತ್ತದೆ. ಮಾತನ್ನು ನಿರ್ಬಂಧಿಸಬಹುದಾದ ಕಾರಣಗಳು 19(2)ರಲ್ಲಿವೆ: ದೇಶದ ಭದ್ರತೆ, ಸಾರ್ವಜನಿಕ ಸುವ್ಯವಸ್ಥೆ, ಸಭ್ಯತೆ, ಮಾನಹಾನಿ ಮುಂತಾದುವು. ಆರೋಗ್ಯವು ಈ ಪಟ್ಟಿಯಲ್ಲಿಲ್ಲ. ಔಷಧಿಯ ಜಾಹೀರಾತು ವ್ಯಾಪಾರದ ಅಂಗವೆಂದು ಸುಪ್ರೀಂ ಕೋರ್ಟು 1960ರ ಹಮ್‌ದರ್ದ್ ದವಾಖಾನಾ ಮೊಕದ್ದಮೆಯಲ್ಲಿ ಹೇಳಿತು. 1995ರ ಟಾಟಾ ಪ್ರೆಸ್ ಮೊಕದ್ದಮೆಯಲ್ಲಿ ವಾಣಿಜ್ಯದ ಮಾತಿಗೂ ರಕ್ಷಣೆಯುಂಟೆಂದಿತು. ಆದರೆ ವಂಚನೆಯ ಜಾಹೀರಾತಿಗೆ ಆ ರಕ್ಷಣೆಯಿಲ್ಲ. ಮಾರುವವನ ಮಾತಿಗೇ ಇಷ್ಟು ಮನ್ನಣೆಯಿರುವಾಗ, ಲಾಭದ ಆಸೆಯಿಲ್ಲದೆ ಬಲ್ಲವನಾಡುವ ಮಾತಿಗೆ ಇನ್ನೆಷ್ಟು ಮನ್ನಣೆ ಸಲ್ಲಬೇಕು?

ಹಾಗೆಂದು ತಂಬಾಕಿನ ಕಂಪೆನಿಗಳು ವಾಕ್‌ಸ್ವಾತಂತ್ರ್ಯದ ಹೆಸರಿನಲ್ಲಿ ಎತ್ತುವ ಎಲ್ಲ ಆಕ್ಷೇಪಗಳನ್ನೂ ಒಪ್ಪಬೇಕಾಗಿಲ್ಲ. ಸಿಗರೇಟು ಪೊಟ್ಟಣದ ಮೇಲೆ ಶೇಕಡ 85ರಷ್ಟು ಭಾಗದಲ್ಲಿ ಎಚ್ಚರಿಕೆಯ ಚಿತ್ರವಿರಬೇಕೆಂಬ ನಿಯಮವನ್ನು ಕರ್ನಾಟಕ ಹೈಕೋರ್ಟು 2017ರ ಡಿಸೆಂಬರಿನಲ್ಲಿ ರದ್ದುಪಡಿಸಿತು. ಮರುತಿಂಗಳೇ ಸುಪ್ರೀಂ ಕೋರ್ಟು ಆ ತೀರ್ಪಿಗೆ ತಡೆಯಾಜ್ಞೆ ನೀಡಿತು. ಸಾಲ ಕೊಡುವ ಬ್ಯಾಂಕು ಬಡ್ಡಿಯ ದರವನ್ನು ತಿಳಿಸಲೇಬೇಕಾದಂತೆ, ಹಾನಿಕಾರಕ ವಸ್ತುವನ್ನು ಮಾರುವವನು ಹಾನಿಯನ್ನು ತಿಳಿಸತಕ್ಕದ್ದು. ಇದರಿಂದ ಕೊಳ್ಳುವವನ ತಿಳಿವಳಿಕೆ ಹೆಚ್ಚುತ್ತದೆಯೇ ಹೊರತು ಯಾರ ಬಾಯಿಯೂ ಕಟ್ಟಿಹೋಗುವುದಿಲ್ಲ.

ಕಂಪೆನಿಯಿಂದ ಹಣ ಪಡೆದವನು ವಿದ್ವಾಂಸನ ವೇಷ ತೊಟ್ಟು ಬಂದರೇನು ಗತಿ ಎಂದು ಕೇಳಬಹುದು. ನ್ಯಾಯವಾದ ಶಂಕೆಯೇ. ಅದಕ್ಕೆ ಪರಿಹಾರ ಲೆಕ್ಕಪತ್ರದಲ್ಲಿದೆ: ಹಣ ಪಡೆದವನು ಅದನ್ನು ಬಹಿರಂಗಪಡಿಸಲಿ, ಬಚ್ಚಿಟ್ಟವನಿಗೆ ದಂಡವಾಗಲಿ. ಅದನ್ನು ಬಿಟ್ಟು ಎಲ್ಲರ ಮಾತನ್ನೂ ಶಂಕಿಸುವುದು ನೆಗಡಿಯಾಯಿತೆಂದು ಮೂಗನ್ನೇ ಕೊಯ್ದುಕೊಂಡಂತೆ.

ಮುಕ್ತವಾದ ಮಾತು ಜೀವವನ್ನೂ ಉಳಿಸಬಲ್ಲುದು. 2019ರಲ್ಲಿ ಅಮೆರಿಕದಲ್ಲಿ ವೇಪ್ ಸೇದಿದವರಿಗೆ ತೀವ್ರವಾದ ಶ್ವಾಸಕೋಶದ ಕಾಯಿಲೆ ಬಂದು, 2020ರ ಫೆಬ್ರವರಿಯ ವೇಳೆಗೆ 68 ಮಂದಿ ಸತ್ತರು. ಗಾಂಜಾದ ಸತ್ವವಿರುವ ದ್ರವಗಳಿಗೆ ಬೆರೆಸಿದ್ದ ವಿಟಮಿನ್ ಇ ಅಸಿಟೇಟೇ ಮುಖ್ಯ ಕಾರಣವೆಂದು ತನಿಖೆಯಿಂದ ಕಂಡುಬಂದಿತು. ರೋಗಿಗಳು ಸೇದಿದುದನ್ನು ಮರೆಮಾಚಿದ್ದರೆ, ವೈದ್ಯರು ಕಂಡುದನ್ನು ಪ್ರಕಟಿಸದಿದ್ದರೆ, ಈ ಕಾರಣ ತಿಳಿಯುತ್ತಿತ್ತೇ?

ನಾವು ನೆಲೆಸಿರುವ ಈ ಹೈದರಾಬಾದು ‘ಚಾರ್‌ಮಿನಾರ್’ ಸಿಗರೇಟಿನ ತವರೂರು. ಉರಿಯುವ ಸಿಗರೇಟು ಇಂದಿಗೂ ಕಾನೂನುಬದ್ಧವಾಗಿ ಮಾರಾಟವಾಗುತ್ತಿರುವಾಗ ಉರಿಯದ ಸಿಗರೇಟಿಗೆ ಮಾತ್ರ ನಿಷೇಧವೇಕೆ ಎಂದು ಮೆಹದಿಪಟ್ಟಣದ ಕಾಲೇಜು ಹುಡುಗನೊಬ್ಬ ಕೇಳಿದರೆ, ಅವನನ್ನು ಗದರಿಸಿ ಸುಮ್ಮನಾಗಿಸುವುದು ಉತ್ತರವಲ್ಲ. ಹೊಸ ತಲೆಮಾರಿಗೆ ಹೊಸ ಚಟ ಅಂಟಬಾರದೆಂಬುದು ನಿಷೇಧದ ಉದ್ದೇಶವೆಂದು ಅವನಿಗೆ ಹೇಳೋಣ; ಅವನ ಮರುಪ್ರಶ್ನೆಯನ್ನೂ ಕೇಳೋಣ.

ವೈದ್ಯಕೀಯ ಚರ್ಚೆ, ಸಂಶೋಧನೆ, ಪತ್ರಿಕಾ ವಿಮರ್ಶೆಗಳು ಜಾಹೀರಾತಲ್ಲವೆಂಬ ಒಂದು ವಾಕ್ಯವನ್ನು ಸರ್ಕಾರವು ಕಾಯಿದೆಗೆ ಸೇರಿಸುವುದು ಉಚಿತ. ನಿಷೇಧಕ್ಕೆ ಅದರಿಂದ ಕುಂದಿಲ್ಲ. ಈ ಚಟಕ್ಕೆ ಸಿಲುಕಿದವರು ನಮ್ಮ ಮನೆಗಳಲ್ಲಿದ್ದರೆ, ನಾಚಿಕೆಯಿಲ್ಲದೆ ವೈದ್ಯರೊಡನೆ ಮಾತನಾಡಲಿ; ಸಿಗರೇಟು ಪೊಟ್ಟಣದ ಮೇಲೆಯೇ ಅಚ್ಚಾಗಿರುವ 1800-11-2356 ಎಂಬ ಉಚಿತ ದೂರವಾಣಿಗೆ ಕರೆಮಾಡಲಿ. ಗುಟ್ಟಾಗಿಟ್ಟ ರೋಗಕ್ಕೆ ಮದ್ದಿಲ್ಲ.