ಮುಳುಗಿದ ಊರಿನ ದಡದಲ್ಲಿ ನಿಮ್ಮ ರಜೆ

ಬಾರ್ಸಿಲೋನಾ ಮೆಡಿಟರೇನಿಯನ್ ಕಡಲ ದಡದ ನಗರ. ಅಲ್ಲಿನ ಫ್ಲಾಟುಗಳನ್ನು ಪ್ರವಾಸಿಗರಿಗೆ ದಿನಬಾಡಿಗೆಗೆ ಬಿಟ್ಟೂ ಬಿಟ್ಟೂ, ಆ ಊರಲ್ಲೇ ದುಡಿಯುವವರಿಗೆ ಮನೆ ಸಿಗದ ಗತಿ ಬಂತು. ಹತ್ತು ವರ್ಷದಲ್ಲಿ ಮನೆ ಬಾಡಿಗೆ ಶೇ 68ರಷ್ಟು ಏರಿತು. 2028ರ ನವೆಂಬರ್ ವೇಳೆಗೆ 10,101 ಪ್ರವಾಸಿ ಫ್ಲಾಟುಗಳ ಪರವಾನಗಿ ರದ್ದು ಮಾಡುತ್ತೇವೆ ಎಂದು ಮೇಯರ್ ಜೌಮೆ ಕೊಲ್ಬೋನಿ 2024ರ ಜೂನ್‌ನಲ್ಲಿ ಸಾರಿದರು. ಮರುತಿಂಗಳು ಸಾವಿರಾರು ಜನ ಬೀದಿಗಿಳಿದರು. ಕೆಲವರು ಹೋಟೆಲುಗಳ ಮುಂದೆ ಕೂತಿದ್ದ ಪ್ರವಾಸಿಗರ ಮೇಲೆ ಪಿಚಕಾರಿಯಲ್ಲಿ ನೀರು ಹಾರಿಸಿದರು.

ಹಾಸನಕ್ಕೆ ಕಡಲಿಲ್ಲ, ಹೇಮಾವತಿಯ ಹಿನ್ನೀರಿದೆ. ಬೆಂಗಳೂರಿನ ಕಾರುಗಳು ಶನಿವಾರ ಬಂದು ನಿಲ್ಲುವುದು ಈ ನೀರಿನ ದಡದಲ್ಲಿ. ಈ ನೀರು ಎಲ್ಲಿಂದ ಬಂತು? 1979ರಲ್ಲಿ ಗೊರೂರಿನ ಅಣೆಕಟ್ಟು ಮುಗಿಯಿತು. 37 ಟಿಎಂಸಿ ನೀರು ನಿಲ್ಲಲು ಜಾಗ ಬೇಕಿತ್ತು. ಆ ಜಾಗದಲ್ಲಿ ಮನೆಗಳಿದ್ದವು, ಕಣಗಳಿದ್ದವು, ಗುಡಿಗಳಿದ್ದವು, ಹೆತ್ತವರನ್ನು ಹೂತ ಮಣ್ಣಿತ್ತು. ಶೆಟ್ಟಿಹಳ್ಳಿಯಲ್ಲಿ ಫ್ರೆಂಚ್ ಪಾದ್ರಿಗಳು 1860ರ ದಶಕದಲ್ಲಿ ಕಟ್ಟಿಸಿದ ಚರ್ಚು ಮಳೆಗಾಲದಲ್ಲಿ ಅರ್ಧ ಮುಳುಗುತ್ತದೆ, ಬೇಸಿಗೆಯಲ್ಲಿ ಮುರಿದ ಗೋಡೆ, ಕಮಾನುಗಳೊಂದಿಗೆ ಮೇಲೇಳುತ್ತದೆ. ಆ ಕಮಾನಿನಡಿ ಮದುವೆಗೆ ಮುಂಚಿನ ಫೋಟೋ ತೆಗೆಸಿಕೊಳ್ಳುವ ಜೋಡಿಗಳಿದ್ದಾರೆ. ಅಲ್ಲಿ ಮಕ್ಕಳಿಗೆ ಜ್ಞಾನಸ್ನಾನ ಮಾಡಿಸಿದ್ದ ಜನ ಎಲ್ಲಿಗೆ ಹೋದರು, ಏನಾದರು ಎಂದು ಕೇಳಿದವರನ್ನು ನಾನು ಕಂಡಿಲ್ಲ.

ಎಚ್‌ಆರ್‌ಪಿ ಜಮೀನು ಅಂದರೆ ಹಾಸನದ ಕಡೆ ಎಲ್ಲರಿಗೂ ಗೊತ್ತು. ಹೇಮಾವತಿ ಜಲಾಶಯಕ್ಕೆ ಮನೆಮಾರು ಬಿಟ್ಟುಕೊಟ್ಟವರಿಗೆಂದು ತೆಗೆದಿಟ್ಟ ಭೂಮಿ ಅದು. ಆ ಭೂಮಿಗೂ ಕಳ್ಳರು ಬಿದ್ದರು. ಊರು ಮುಳುಗಿಸಿಕೊಂಡವರು ಸರ್ಟಿಫಿಕೇಟ್ ಹಿಡಿದು ಕಚೇರಿಯಿಂದ ಕಚೇರಿಗೆ ಅಲೆಯುತ್ತಿರುವಾಗ, ನಕಲಿ ಸಂತ್ರಸ್ತರ ಹೆಸರಿಗೆ ಎಕರೆಗಟ್ಟಲೆ ಮಂಜೂರಾಯಿತೆಂದು ದೂರುಗಳೆದ್ದವು, ತನಿಖೆಗಳು ನಡೆದವು. ಅಜ್ಜನ ಅರ್ಜಿಯನ್ನು ಮೊಮ್ಮಗ ಹಿಡಿದು ನಿಲ್ಲುವಂತೆ ಮಾಡಿದ ಆಡಳಿತಕ್ಕೆ ಹಿನ್ನೀರಿನ ಪ್ರವಾಸೋದ್ಯಮದ ಮಾತಾಡಲು ಯಾವ ಹಕ್ಕಿದೆ?

ಚನ್ನರಾಯಪಟ್ಟಣದ ಬಾಗೂರು, ನವಿಲೆಯವರನ್ನೂ ಕೇಳಿ. ಇದೇ ನೀರನ್ನು ತುಮಕೂರಿಗೆ ದಾಟಿಸಲು ಅವರ ನೆಲದಡಿ ಸುರಂಗ ಕೊರೆದರು. ಬಾವಿ ಬತ್ತಿತು, ಪರಿಹಾರ ಕೊಡಿ ಎಂದು ಅವರು ಧರಣಿ ಕೂತರು.

ಸಕಲೇಶಪುರದ ಕಾಫಿ ತೋಟಗಳಿಗೆ ಹೋದರೆ ಇನ್ನೊಂದು ಅನ್ಯಾಯ. ರೆಸಾರ್ಟಿನ ಕಾಟೇಜಿನಲ್ಲಿ ಇಬ್ಬರಿಗೆ ಎರಡು ಕೋಣೆ, ಬಿಸಿನೀರಿನ ತೊಟ್ಟಿ, ಮಂಜು ನೋಡಲು ಗಾಜಿನ ಗೋಡೆ. ತೋಟದ ಕೂಲಿಯವರ ಲೈನ್ ಮನೆಯಲ್ಲಿ ಇಡೀ ಸಂಸಾರಕ್ಕೆ ಒಂದು ಕೋಣೆ. ಕಾಟೇಜಿನ ಹಾಸಿಗೆ ಕೊಡವುವ ಹೆಂಗಸಿಗೆ ಅಲ್ಲಿನ ಒಂದು ರಾತ್ರಿಯ ಬಾಡಿಗೆ ಹಲವು ದಿನಗಳ ಕೂಲಿ. ಇದನ್ನು ಅಭಿವೃದ್ಧಿ ಎಂದು ಕರೆಯುವವರ ಜೊತೆ ನನಗೆ ಜಗಳವಿದೆ.

ಜಗಳ ನಮ್ಮವರ ಜೊತೆಗೂ ಇದೆ. ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣದ ಗದ್ದೆ ತೋಟಗಳಿಗೆ ನಾಲೆಯಲ್ಲಿ ಬರುವುದು ಇದೇ ಹೇಮಾವತಿ. ನಾಲೆ ನೀರಲ್ಲಿ ಬೆಳೆದ ಅನ್ನ ಉಂಡವರೆಲ್ಲ ಆ ಮುಳುಗಿದ ಊರುಗಳಿಗೆ ಸಾಲಗಾರರು. ಬಾರ್ಸಿಲೋನಾದವರು ತಮ್ಮ ನಗರಕ್ಕಾಗಿ ಬೀದಿಗಿಳಿದರೆ, ನಾವು ನಾಲೆಗೆ ನೀರು ಬಿಟ್ಟಿಲ್ಲವೆಂದು ಮಾತ್ರ ಬೀದಿಗಿಳಿಯುತ್ತೇವೆ. ಇದು ನಾಚಿಕೆಗೇಡು.

ಕೊನೆಯ ನಿಜವಾದ ಸಂತ್ರಸ್ತರ ಹೆಸರಿಗೆ ಪಹಣಿ ಬರುವ ತನಕ ಹಿನ್ನೀರಿನ ದಡದಲ್ಲಿ ಒಂದೇ ಒಂದು ಹೊಸ ರೆಸಾರ್ಟಿಗೂ ಅನುಮತಿ ಕೊಡಕೂಡದು. ಆಮೇಲೆ ಕೊಟ್ಟರೂ ದಡದ ಗ್ರಾಮಸಭೆ ಒಪ್ಪಿದ ಮೇಲೆಯೇ, ಕೆಲಸದಲ್ಲಿ ಮೊದಲ ಪಾಲು ಮುಳುಗಡೆಯ ಮನೆಗಳಿಗೆ ಎಂಬ ಕರಾರಿನ ಮೇಲೆಯೇ. ಓದುತ್ತಿರುವವರು ಈ ತಾಲ್ಲೂಕುಗಳವರಾದರೆ, ಮುಂದಿನ ಗ್ರಾಮಸಭೆಯಲ್ಲಿ ಎದ್ದು ನಿಂತು ಇದನ್ನು ಹೇಳಿ, ನಡಾವಳಿ ಪುಸ್ತಕದಲ್ಲಿ ಬರೆಸಿ, ಸಹಿ ಹಾಕಿಸಿಕೊಂಡೇ ಮನೆಗೆ ಹೋಗಿ.