ರಸ್ತೆ ಬಿಡಿಸಿ, ಅಂಗಳ ಕೊಡಿ

ಬೆಂಗಳೂರಿನ ನಾಗರಿಕರಲ್ಲಿ, ಕಾರಿನ ಹುಚ್ಚು ಹತ್ತಿದ ತರುಣರಲ್ಲಿ, ಅವರ ಹೆತ್ತವರಲ್ಲಿ ಒಂದು ಮನವಿ. ನಡುರಾತ್ರಿ ಬಳ್ಳಾರಿ ರಸ್ತೆಯಲ್ಲೋ ಹೊರವರ್ತುಲ ರಸ್ತೆಯಲ್ಲೋ ಕಾರುಗಳು ಪಂದ್ಯ ಕಟ್ಟಿ ಓಡಿದಾಗಲೆಲ್ಲ ನಮ್ಮ ಬಾಯಲ್ಲಿ ಬರುವ ಮಾತು ಒಂದೇ: ‘ಹಿಡಿದು ಒಳಗೆ ಹಾಕಿ’. ಹಾಕಲೇಬೇಕು. ಆದರೆ ಅಷ್ಟಕ್ಕೇ ನಿಂತರೆ, ಇಂದು ಈ ರಸ್ತೆಯಿಂದ ಚದುರಿದವರು ನಾಳೆ ಮತ್ತೊಂದು ರಸ್ತೆಯಲ್ಲಿ ಸೇರುತ್ತಾರೆ. ಶಿಕ್ಷೆಯ ಜೊತೆಗೆ, ಕಾನೂನಿನ ಕಣ್ಣೆದುರೇ ಓಡಿಸಲು ಅವರಿಗೊಂದು ಜಾಗವೂ ಬೇಕು.

ಕಾರನ್ನು ಬಿಚ್ಚಿ ತನಗೆ ಬೇಕಾದಂತೆ ಕಟ್ಟಿಕೊಳ್ಳುವುದು ಪುಂಡಾಟವಲ್ಲ. ಎಂಬತ್ತು, ತೊಂಬತ್ತರ ದಶಕಗಳಲ್ಲಿ ದಕ್ಷಿಣ ಕ್ಯಾಲಿಫೋರ್ನಿಯಾದ ಯುವಕರು, ಅದರಲ್ಲೂ ಏಷ್ಯಾ ಮೂಲದವರು, ಹೋಂಡಾ ಸಿವಿಕ್‌ನಂಥ ಪುಟ್ಟ ಜಪಾನಿ ಕಾರುಗಳಿಗೆ ಟರ್ಬೊ ಕೂರಿಸಿ, ಭಾರ ಇಳಿಸಿ, ದೊಡ್ಡ ವಿ-8 ಎಂಜಿನ್ನಿನ ಅಮೆರಿಕನ್ ಕಾರುಗಳಿಗೆ ಸಡ್ಡು ಹೊಡೆದರು. ಕೈಯಲ್ಲಿ ಕಾಸು ಕಡಿಮೆ, ತಲೆಯಲ್ಲಿ ಉಪಾಯ ಹೆಚ್ಚು. 1990ರಲ್ಲಿ ಫ್ರಾಂಕ್ ಚೋಯ್ ಎಂಬವರು ಅಲ್ಲಿನ ಪಾಮ್‌ಡೇಲ್‌ನ ಡ್ರ್ಯಾಗ್ ಟ್ರ್ಯಾಕಿನಲ್ಲಿ ‘ಬ್ಯಾಟಲ್ ಆಫ್ ದಿ ಇಂಪೋರ್ಟ್ಸ್’ ನಡೆಸಿ ಅವರಿಗೊಂದು ವೇದಿಕೆ ಕೊಟ್ಟರು. 2001ರ ‘ದಿ ಫಾಸ್ಟ್ ಅಂಡ್ ದಿ ಫ್ಯೂರಿಯಸ್’ ಚಿತ್ರ ಜಗತ್ತಿಗೆ ಹಂಚಿದ್ದು ಮಾತ್ರ ಟ್ರ್ಯಾಕನ್ನಲ್ಲ, ಬೀದಿಯನ್ನು. ನಮ್ಮ ಹುಡುಗರಿಗೆ ಬಂದು ಮುಟ್ಟಿದ್ದೂ ಅದೇ.

ಬೀದಿ ಯಾಕೆ ಬೇಡ ಎಂಬುದಕ್ಕೆ ನೀತಿಬೋಧೆ ಬೇಕಿಲ್ಲ, ಲೆಕ್ಕ ಸಾಕು. ಗಂಟೆಗೆ 100 ಕಿ.ಮೀ. ವೇಗದ ಕಾರು ಒಂದು ಸೆಕೆಂಡಿಗೆ ಸುಮಾರು 28 ಮೀಟರ್ ಕ್ರಮಿಸುತ್ತದೆ. ಅಡ್ಡ ಬಂದವರನ್ನು ಕಂಡು ಬ್ರೇಕಿಗೆ ಕಾಲಿಡಲು ಒಂದೂವರೆ ಸೆಕೆಂಡ್ ಹಿಡಿದರೆ, ಬ್ರೇಕ್ ಕೆಲಸ ಶುರುಮಾಡುವ ಮೊದಲೇ 40 ಮೀಟರ್ ಕಳೆದಿರುತ್ತದೆ. ಒಣ ರಸ್ತೆ, ಒಳ್ಳೆಯ ಟೈರ್ ಇದ್ದರೂ ಪೂರ್ತಿ ನಿಲ್ಲಲು ಮತ್ತೆ ಐವತ್ತಕ್ಕೂ ಹೆಚ್ಚು ಮೀಟರ್ ಬೇಕು. 140ರಲ್ಲಿ ಈ ಒಟ್ಟು ದೂರ 160 ಮೀಟರ್ ದಾಟುತ್ತದೆ. ಹೆಡ್‌ಲೈಟಿನ ಬೆಳಕು ಸಾಮಾನ್ಯವಾಗಿ ಅಷ್ಟು ದೂರ ಹೋಗುವುದಿಲ್ಲ. ಅಂದರೆ ಕಣ್ಣಿಗೆ ಬೀಳುವ ಹೊತ್ತಿಗೇ ಕೈ ಮೀರಿರುತ್ತದೆ. ಎಂಜಿನ್ ನಿಯಂತ್ರಿಸುವ ಇಸಿಯು ಎಂಬ ಗಣಕವನ್ನು ರಿಮ್ಯಾಪ್ ಮಾಡಿಸಿ ಎಂಜಿನ್ನಿನ ಶಕ್ತಿ ಏರಿಸಿ, ಬ್ರೇಕನ್ನು ಕಂಪನಿ ಕೊಟ್ಟಂತೆಯೇ ಬಿಟ್ಟ ಕಾರಿನ ಗತಿ ಇನ್ನೂ ಕೆಟ್ಟದ್ದು. ‘ರಾತ್ರಿ ರಸ್ತೆ ಖಾಲಿ ಇರುತ್ತದಲ್ಲ’ ಎನ್ನುತ್ತಾರೆ. ಯಾರಿಗೆ ಖಾಲಿ? ಬೆಳಕು ಹರಿಯುವ ಮುನ್ನ ಕಸ ಗುಡಿಸುವ ಪೌರಕಾರ್ಮಿಕರು, ಹಾಲಿನ ವ್ಯಾನಿನವರು, ಪೇಪರ್ ಹಾಕುವ ಹುಡುಗರು, ಪಾಳಿ ಮುಗಿಸಿ ಮನೆಗೆ ಹೊರಟವರು ಇರುವುದು ಅದೇ ರಸ್ತೆಯಲ್ಲಿ.

ಜಾಗ ಕೊಟ್ಟರೆ ಚಟಕ್ಕೆ ಕುಮ್ಮಕ್ಕು ಕೊಟ್ಟಂತಲ್ಲವೇ ಎಂಬ ಪ್ರಶ್ನೆ ನ್ಯಾಯವಾದದ್ದೇ. ಅದಕ್ಕೆ ಕ್ಯಾಲಿಫೋರ್ನಿಯಾದ ಸ್ಯಾನ್ ಡಿಯಾಗೊ ನಗರದ ಅನುಭವದಲ್ಲಿ ಉತ್ತರವಿದೆ. ಅಲ್ಲಿ ತೊಂಬತ್ತರ ದಶಕದ ಕೊನೆಗೆ, ಸ್ಥಳೀಯ ವಿಶ್ವವಿದ್ಯಾಲಯದ ಸಾರ್ವಜನಿಕ ಆರೋಗ್ಯ ತಜ್ಞರ ಮುಂದಾಳತ್ವದಲ್ಲಿ ‘ರೇಸ್‌ಲೀಗಲ್’ ಎಂಬ ಕಾರ್ಯಕ್ರಮ ಶುರುವಾಯಿತು. ಕ್ರೀಡಾಂಗಣದ ವಾಹನ ನಿಲುಗಡೆ ಮೈದಾನದಲ್ಲೇ ಎಂಟನೇ ಒಂದು ಮೈಲಿಯ, ಅಂದರೆ ಸುಮಾರು 200 ಮೀಟರಿನ ಓಟ. ಇನ್ನೊಂದೆಡೆ ಪೊಲೀಸರ ವಿಶೇಷ ತಂಡ ಬೀದಿ ರೇಸಿನ ಬೆನ್ನು ಹತ್ತಿತು. ನಿಂತು ನೋಡಿದವರಿಗೂ ಶಿಕ್ಷೆಯಾಗುವ ನಿಯಮ ಬಂತು. ಮುಂದಿನ ವರ್ಷಗಳಲ್ಲಿ ಬೀದಿ ರೇಸಿನ ಸಾವುನೋವು ಇಳಿಯಿತು. ಗಮನಿಸಬೇಕಾದ್ದು, ಅಲ್ಲಿ ಎರಡೂ ಕೈ ಒಟ್ಟಿಗೆ ಕೆಲಸ ಮಾಡಿದವು. ಅಂಗಳ ಮಾತ್ರ ಕೊಟ್ಟಿದ್ದರೆ ಕುಮ್ಮಕ್ಕು, ಲಾಠಿ ಮಾತ್ರ ಬೀಸಿದ್ದರೆ ಕಣ್ಣಾಮುಚ್ಚಾಲೆ ಆಗುತ್ತಿತ್ತು.

ಉಳ್ಳವರ ಮಕ್ಕಳ ಶೋಕಿಗೆ ಜನರ ದುಡ್ಡೇಕೆ ಎಂದೂ ಕೇಳಬಹುದು. ದುಡ್ಡು ಬೇಡ, ತಿಂಗಳಿಗೊಂದೆರಡು ದಿನ ಜಾಗ ಬೇಕು. ಇದು ಹೊಸದೇನಲ್ಲ: ಎರಡನೇ ಮಹಾಯುದ್ಧದ ಕಾಲದ ಪಾಳುಬಿದ್ದ ವಿಮಾನಪಟ್ಟಿಯಲ್ಲಿ, ಮದ್ರಾಸಿನ ಬಳಿಯ ಶೋಲಾವರಂನಲ್ಲಿ, ದಶಕಗಳ ಕಾಲ ರೇಸು ನಡೆದು, ನಮ್ಮ ದೇಶದ ಮೋಟಾರು ಕ್ರೀಡೆ ಅಲ್ಲಿ ಬೆಳೆಯಿತು. ಪ್ರವೇಶ ಶುಲ್ಕ, ವಿಮೆ, ಆಂಬುಲೆನ್ಸ್, ಹೆಲ್ಮೆಟ್, ಬ್ರೇಕ್ ತಪಾಸಣೆ ಎಲ್ಲವೂ ಓಡಿಸುವವರ ಮತ್ತು ಕ್ಲಬ್ಬುಗಳ ಖರ್ಚಿನಲ್ಲೇ ಆಗಲಿ. ಕದ್ದು ಓಡಿಸುವುದರಲ್ಲೇ ಮಜಾ ಕಾಣುವವರು ಅಲ್ಲಿಗೂ ಬರಲಿಕ್ಕಿಲ್ಲ. ಅಂಥವರಿಗೆ ಮೋಟಾರು ವಾಹನ ಕಾಯ್ದೆಯ 189ನೇ ಕಲಮಿದೆ: 2019ರ ತಿದ್ದುಪಡಿಯ ನಂತರ ಮೊದಲ ತಪ್ಪಿಗೆ ಮೂರು ತಿಂಗಳವರೆಗೆ ಸಜೆ ಅಥವಾ 5,000 ರೂಪಾಯಿವರೆಗೆ ದಂಡ, ಮತ್ತೆ ಸಿಕ್ಕಿಬಿದ್ದರೆ ಒಂದು ವರ್ಷದವರೆಗೆ ಸಜೆ ಅಥವಾ 10,000 ರೂಪಾಯಿವರೆಗೆ ದಂಡ.

ಆದ್ದರಿಂದ ಬೇಡಿಕೆ ಇಷ್ಟು. ಸರ್ಕಾರ ನಗರದ ಹೊರಗೆ ಬಳಕೆಯಿಲ್ಲದ ಒಂದು ಜಾಗ ಗುರುತಿಸಲಿ. ಗ್ಯಾರೇಜಿನವರು ಬ್ರೇಕ್, ಟೈರ್ ಸರಿಮಾಡದೆ ಎಂಜಿನ್ನಿನ ಶಕ್ತಿ ಏರಿಸಲು ಒಪ್ಪದಿರಲಿ, ಆರ್‌ಸಿಯಲ್ಲಿ ಇಲ್ಲದ ಬದಲಾವಣೆ ರಸ್ತೆಗೆ ಇಳಿಯದಿರಲಿ. ಹೆತ್ತವರು ಅಪ್ರಾಪ್ತ ಮಕ್ಕಳ ಕೈಗೆ ಕೀಲಿ ಕೊಡದಿರಲಿ. ಕೊಟ್ಟರೆ ಮೂರು ವರ್ಷದವರೆಗೆ ಜೈಲು, 25,000 ರೂಪಾಯಿ ದಂಡ ಇದೆ ಎಂಬುದು ನೆನಪಿರಲಿ. ರಸ್ತೆ ಬದಿಯಲ್ಲಿ ನಿಂತು ಮೊಬೈಲಿನಲ್ಲಿ ವಿಡಿಯೊ ಹಿಡಿಯುವ ನಾವೂ ಆ ಪಂದ್ಯದ ಪಾಲುದಾರರೇ. ಮೊದಲು ಆ ಚಪ್ಪಾಳೆ ನಿಲ್ಲಿಸೋಣ. ತರುಣರೇ, ನಿಮ್ಮ ಕಾರು ನಿಜಕ್ಕೂ ಎಷ್ಟು ಚುರುಕು ಎಂದು ಹೇಳಬಲ್ಲದ್ದು ಟ್ರ್ಯಾಕಿನ ಗಡಿಯಾರ ಮಾತ್ರ. ಟ್ರ್ಯಾಕ್ ಬೇಕೆಂದು ನಿಮ್ಮ ಹೆಸರು, ವಿಳಾಸ ಹಾಕಿ ಅರ್ಜಿ ಬರೆಯಿರಿ. ಅದಕ್ಕೆ ಸಹಿ ಹಾಕಲು ನಾವೂ ಬರುತ್ತೇವೆ.