ಹಿತ್ತಿಲ ಬಾಗಿಲಿನಿಂದ ಬಂದ ಶಾಲೆಯ ಫೀ

ಬಮ್ಮಿಗಟ್ಟಿಯ ಮಾಸ್ತರರೊಬ್ಬರು ಈಚೆಗೆ ಶಿಕ್ಷಕರ ಸಮಾವೇಶಕ್ಕೆ ಹೋಗಿ ಬಂದರು. ಒಲ್ಲದ ಮನಸ್ಸಿನಿಂದ ಹೋದವರು ಹುರುಪಿನಿಂದ ಮರಳಿದರು. ಭಾಷೆ ಕಲಿಸುವ ಅಂತರ್ಜಾಲದ ಸಾಧನಗಳನ್ನು ಅವರು ಅಲ್ಲಿ ಮೊದಲ ಸಲ ಕಂಡಿದ್ದರು. ಪಠ್ಯಪುಸ್ತಕದಲ್ಲಿ ಅಚ್ಚಾದ ಕ್ಯೂಆರ್ ಕೋಡಿಗೆ ಫೋನು ಹಿಡಿದರೆ 2017ರಲ್ಲಿ ಆರಂಭವಾದ ಕೇಂದ್ರ ಸರ್ಕಾರದ 'ದೀಕ್ಷಾ'ದಲ್ಲಿ ಪಾಠ ತೆರೆದುಕೊಳ್ಳುತ್ತದೆ. 2022ರಲ್ಲಿ ಬಂದ 'ಭಾಷಿಣಿ' ಒಂದು ಭಾಷೆಯ ಮಾತನ್ನು ಇನ್ನೊಂದಕ್ಕೆ ತಿರುಗಿಸುತ್ತದೆ. ಮಗು ಓದಿದ್ದನ್ನು ಕೇಳಿ ಉಚ್ಚಾರ ತಿದ್ದುವ ಯಂತ್ರವೂ ಇದೆ.

ಮರುದಿನ ಅವರು ವರ್ಗದಲ್ಲಿ, "ಈ ಪಾಠ ಮನೆಯಾಗ ಫೋನಿನಾಗ ಕೇಳ್ಕೊಂಡು ಬರ್ರಿ" ಎಂದರು. ಹುಡುಗಿಯೊಬ್ಬಳು ಎದ್ದು ನಿಂತು, "ಫೋನ್ ಅಪ್ಪನ ಕಿಸೆದಾಗ ಐತ್ರಿ ಸರ್, ಅಪ್ಪ ಪಾಳಿಗೆ ಹೋಗ್ಯಾನ್ರಿ" ಎಂದಳು.

ಸಮಾವೇಶದ ವೇದಿಕೆಯಲ್ಲಿ ಯಾರೂ ಎತ್ತದ ಪ್ರಶ್ನೆಯನ್ನು ಆ ಮಗು ಒಂದೇ ಮಾತಿನಲ್ಲಿ ಎತ್ತಿತು. ಸಾಧನ ಉಚಿತವಂತೆ. ಫೋನು ಯಾರದು? ಅದರ ರೀಚಾರ್ಜ್ ಯಾರದು?

ನಾವು ಯಂತ್ರದ ವೈರಿಗಳಲ್ಲ. ಗಿರಣಿಯಲ್ಲಿ ದುಡಿದವನಿಗೆ ಯಂತ್ರದ ಬೆಲೆ ಬೇರೆಯವರು ಹೇಳಿಕೊಡಬೇಕಾಗಿಲ್ಲ. ಆದರೆ ಯಾವ ಗಿರಣಿಯಲ್ಲಾದರೂ ಕಾರ್ಮಿಕನು ಮಗ್ಗವನ್ನು ತನ್ನ ಮನೆಯಿಂದ ಹೊತ್ತು ತಂದದ್ದುಂಟೆ? ಬಡವರ ಮಗುವಿಗೆ ಮಾತ್ರ ಕಲಿಕೆಯ ಉಪಕರಣವನ್ನು ನೀನೇ ತಾ ಎನ್ನುವುದು ಯಾವ ನ್ಯಾಯ?

ಲೆಕ್ಕ ನೋಡಿರಿ. 2024ರ ಜುಲೈದಲ್ಲಿ ಖಾಸಗಿ ಮೊಬೈಲ್ ಕಂಪನಿಗಳು ಒಂದರ ಬೆನ್ನಿಗೊಂದು ದರ ಏರಿಸಿದವು. ಅದರ ಮೇಲೆ ನೂರಕ್ಕೆ 18 ರೂಪಾಯಿ ಜಿಎಸ್‌ಟಿ. ಸಂತೆಯಲ್ಲಿ ಬಳೆ ಮಾರುವವನೂ ಕಿರಾಣಿ ಅಂಗಡಿಯವನೂ ಮಗುವಿನ ಪಾಠಕ್ಕಾಗಿ ಕಂಪನಿಗೆ ಬಾಡಿಗೆ ಕೊಡಬೇಕು, ಸರ್ಕಾರಕ್ಕೆ ತೆರಿಗೆ ಕೊಡಬೇಕು. 2010ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಶಿಕ್ಷಣ ಹಕ್ಕು ಕಾಯಿದೆ ಏನನ್ನುತ್ತದೆ? ಮಗುವಿನ ಪ್ರಾಥಮಿಕ ಶಿಕ್ಷಣಕ್ಕೆ ಅಡ್ಡಿಯಾಗುವ ಯಾವ ಫೀ, ಯಾವ ಖರ್ಚನ್ನೂ ಅದರ ಮೇಲೆ ಹೇರಕೂಡದು ಎನ್ನುತ್ತದೆ. ಹಾಗಾದರೆ ಈ ರೀಚಾರ್ಜ್ ಹಿತ್ತಿಲ ಬಾಗಿಲಿನಿಂದ ಬಂದ ಫೀ ಅಲ್ಲದೆ ಮತ್ತೇನು?

2020ರಲ್ಲಿ ಈ ಪಾಠವನ್ನು ನಾವು ಕಲಿತಿದ್ದೆವು. ಮಹಾಮಾರಿಯಿಂದ ಶಾಲೆಗಳು ಮುಚ್ಚಿದಾಗ ಫೋನಿದ್ದವರ ಮಕ್ಕಳಿಗೆ ಪಾಠ ಸಿಕ್ಕಿತು, ಇಲ್ಲದವರಿಗೆ ಇಲ್ಲವಾಯಿತು. ಕೊನೆಗೆ ರಾಜ್ಯ ಸರ್ಕಾರವೇ ಆ ವರ್ಷದ ಆಗಸ್ಟಿನಲ್ಲಿ 'ವಿದ್ಯಾಗಮ' ಯೋಜನೆ ತಂದು ಮಾಸ್ತರರನ್ನು ಮಕ್ಕಳಿದ್ದಲ್ಲಿಗೆ ಕಳಿಸಬೇಕಾಯಿತು. ಗುಡಿಯ ಕಟ್ಟೆಯ ಮೇಲೆ, ಗಿಡದ ನೆರಳಿನಲ್ಲಿ ಪಾಠ ನಡೆದವು. ಸೋಂಕಿನ ಭಯದಿಂದ ಅಕ್ಟೋಬರಿನಲ್ಲಿ ಅದು ನಿಂತಿತು, ನಿಜ. ಆದರೆ ಫೋನು ಮುಟ್ಟದ ಓಣಿಯನ್ನು ಮುಟ್ಟಿದವರು ಮಾಸ್ತರರು ಮತ್ತು ಅಕ್ಕೋರು ಎಂಬುದನ್ನು ಮರೆಯಬಾರದು.

ಭಾಷೆ ಬೆಳೆದದ್ದೂ ಹೀಗೆಯೇ. ಮರಾಠಿಯ ಅಬ್ಬರವಿದ್ದ ಕಾಲದಲ್ಲಿ, 19ನೆಯ ಶತಮಾನದಲ್ಲಿ, ಡೆಪ್ಯೂಟಿ ಚನ್ನಬಸಪ್ಪನವರು ಧಾರವಾಡ ಸೀಮೆಯಲ್ಲಿ ಕನ್ನಡ ಶಾಲೆಗಳನ್ನು ಎತ್ತಿ ನಿಲ್ಲಿಸಿದರು. ಕನ್ನಡ ಕಲಿಸುವ ಮಾಸ್ತರರನ್ನು ಸಿದ್ಧಪಡಿಸಿದರು. ಅದೇ ಶಿಕ್ಷಣ ಹಕ್ಕು ಕಾಯಿದೆ 6ರಿಂದ 8ನೆಯ ವರ್ಗದವರೆಗೆ ಭಾಷೆಗಳಿಗೆ ಕನಿಷ್ಠ ಒಬ್ಬ ಶಿಕ್ಷಕ, ಪ್ರತಿ ಶಾಲೆಗೊಂದು ಗ್ರಂಥಾಲಯ ಇರಬೇಕೆಂದು ವಿಧಿಸಿದೆ. ಶಿಕ್ಷಕನ ಕುರ್ಚಿಯನ್ನು ಖಾಲಿ ಇಟ್ಟು, ಅದರ ಮೇಲೆ ಒಂದು ಆ್ಯಪ್ ಕೂರಿಸಿದರೆ ಕಾಯಿದೆ ಪಾಲಿಸಿದಂತಾಗದು. ಅದು ಕನ್ನಡಿಯೊಳಗಿನ ಗಂಟು. ಕಣ್ಣಿಗೆ ಕಾಣುತ್ತದೆ, ಕೈಗೆ ಸಿಗುವುದಿಲ್ಲ.

ಹಾಗೆಂದು ಮಾಸ್ತರರು ತಂದ ಹುರುಪನ್ನು ಆರಿಸಬಾರದು. 'ದೀಕ್ಷಾ'ದ ಪಾಠವನ್ನು ಒಮ್ಮೆ ಇಳಿಸಿಕೊಂಡರೆ ನೆಟ್ ಇಲ್ಲದೆಯೂ ನಡೆಸಬಹುದು. ಶಾಲೆಯಲ್ಲಿ ಒಂದು ಪರದೆ, ಒಂದು ಗಣಕಯಂತ್ರ, ಒಂದು ಸಂಪರ್ಕ ಇದ್ದರೆ ಇಡೀ ವರ್ಗ ಕೂಡಿ ಕೇಳಬಹುದು. ಊರಿನ ಬಾವಿಯ ನೀರಿಗೆ ಮನೆಮನೆಯೂ ಬೇರೆ ಬಾವಿ ತೋಡುವುದಿಲ್ಲ. ವಿದ್ಯೆಯ ನೀರೂ ಸಾರ್ವಜನಿಕ ಬಾವಿಯಿಂದಲೇ ಬರಲಿ.

ಆದ್ದರಿಂದ ದುಡಿಯುವ ಬಂಧುಗಳೇ, ಅಂಗಡಿಕಾರ ಗೆಳೆಯರೇ! ಶಾಲೆಯ ಎಸ್‌ಡಿಎಂಸಿ ಸಭೆಗೆ ನೀವೇ ಹೋಗಿರಿ. ಪಾಲಕರಿಗೆ ಅಲ್ಲಿ ಹಕ್ಕಿದೆ. ಗ್ರಾಮಸಭೆಯಲ್ಲಿಯೂ ಎದ್ದು ನಿಲ್ಲಿರಿ. ಮೂರು ಪ್ರಶ್ನೆ ಕೇಳಿರಿ: ಭಾಷೆಯ ಶಿಕ್ಷಕರ ಜಾಗ ತುಂಬಿದೆಯೇ? ಯಂತ್ರ ಮತ್ತು ನೆಟ್ಟಿನ ಖರ್ಚನ್ನು ಸರ್ಕಾರ ಕೊಡುತ್ತದೆಯೇ? ಫೋನಿಲ್ಲದ ಮಗುವಿಗೆ ಶಾಲೆಯಲ್ಲಿಯೇ ಆ ಪಾಠ ಸಿಗುತ್ತದೆಯೇ? ಉತ್ತರವನ್ನು ಠರಾವಿನಲ್ಲಿ ಬರೆಯಿಸಿರಿ, ಬರೆಯದೆ ಏಳಬೇಡಿರಿ.

ಅಪ್ಪ ಪಾಳಿಗೆ ಹೋದನೆಂದು ಮಗಳ ಪಾಠ ತಪ್ಪಬಾರದು. ಅವನು ಪಾಳಿಗೆ ಹೋಗುವುದೇ ಅವಳು ಕಲಿಯಲೆಂದು.